ಯವನ ಅಂದ್ರೆ ಯಾರು?

ನಮ್ಮೂರ ಜಾತ್ರೇಲಿ ಪ್ರತಿ ವರ್ಷ ನಾಟಕ ಆಡೋರು. ನಾನು ಆರನೇ ಕ್ಲಾಸಲ್ಲಿದ್ದಾಗ ಆಡಿದ್ದು ಒಂದು ಐತಿಹಾಸಿಕ ನಾಟಕ. ರಾಜ ಕತ್ತಿ ಎತ್ತಿ ಸುಲ್ತಾನನಿಗೆ "ಎಲವೋ ಯವನ!" ಅಂತ ಅಬ್ಬರಿಸಿದಾಗ, ನನ್ನ ಪಕ್ಕ ಚಾಪೆ ಮೇಲೆ ಕೂತಿದ್ದ ಟೈಲರ್ ಸಾಬರ ಮಗನ ಕಡೆ ಮುಂದಿದ್ದ ಹುಡುಗರೆಲ್ಲ ತಿರುಗಿ ನಕ್ಕರು. ಅವನೂ ನಕ್ಕ. ಮಾರನೇ ದಿನದಿಂದ ಅವನ ಅಡ್ಡಹೆಸರು 'ಯವನ'. ನಾನೂ ಹಾಗೇ ಕರೀತಿದ್ದೆ.

ಆ ಪದ ಹುಟ್ಟಿದ್ದು ಎಲ್ಲಿ ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಎಷ್ಟೋ ವರ್ಷದ ಮೇಲೆ. ಈಗಿನ ಟರ್ಕಿಯ ಪಶ್ಚಿಮ ಕರಾವಳೀಲಿ ಅಯೋನಿಯಾ ಅಂತ ಒಂದು ಪ್ರದೇಶ ಇತ್ತು, ಅಲ್ಲಿದ್ದೋರು ಗ್ರೀಕರು. ಪರ್ಷಿಯಾದ ದೊರೆ ದಾರಿಯಸ್‌ನ ಶಾಸನಗಳಲ್ಲಿ ಅವರ ಹೆಸರು 'ಯೌನ'. ನಮ್ಮಲ್ಲಿ ಪ್ರಾಕೃತದಲ್ಲಿ 'ಯೋನ', ಸಂಸ್ಕೃತದಲ್ಲಿ 'ಯವನ'. ಅಶೋಕನ 13ನೇ ಬಂಡೆ ಶಾಸನದಲ್ಲಿ ಬರೋ ಯೋನ ರಾಜ ಅಂತಿಯೋಕ ಗ್ರೀಕ್ ದೊರೆ ಆಂಟಿಯೋಕಸ್. ಇಸ್ಲಾಂ ಹುಟ್ಟೋದಕ್ಕೆ ಇನ್ನೂ ಎಂಟು ಶತಮಾನಕ್ಕೂ ಹೆಚ್ಚು ಬಾಕಿ ಇತ್ತು.

ಈ ಯವನರು ಬರೀ ಶತ್ರುಗಳೂ ಆಗಿರಲಿಲ್ಲ. ಶಾತವಾಹನರ ಗೌತಮೀಪುತ್ರ ಅವರನ್ನ ಸದೆಬಡಿದ ಅಂತ ನಾಸಿಕದ ಶಾಸನ ಹೊಗಳುತ್ತೆ, ನಿಜ. ಆದರೆ ಅಲ್ಲಿಂದ ಬಹಳ ದೂರ ಇಲ್ಲದ ಕಾರ್ಲೆಯ ಬೌದ್ಧ ಗುಹೇಲಿ ಕಂಬಗಳನ್ನ ದಾನ ಕೊಟ್ಟೋರ ಪಟ್ಟೀಲೂ ಯವನರಿದ್ದಾರೆ. ಮಧ್ಯಪ್ರದೇಶದ ವಿದಿಶಾ ಹತ್ತಿರ ಬೆಸನಗರದಲ್ಲಿ ಕ್ರಿ.ಪೂ. 2ನೇ ಶತಮಾನದ ಒಂದು ಕಂಬ ನಿಂತಿದೆ. ಅದು ವಾಸುದೇವನಿಗೆ ಅರ್ಪಿಸಿದ ಗರುಡಗಂಬ. ನಿಲ್ಲಿಸಿದೋನು ತಕ್ಷಶಿಲೆಯಿಂದ ಬಂದ ಯೋನ ರಾಯಭಾರಿ ಹೆಲಿಯೊಡೋರಸ್, ತನ್ನನ್ನ ತಾನೇ 'ಭಾಗವತ' ಅಂತ ಕರ್ಕೊಂಡಿದ್ದಾನೆ. ದಿನಾ ಟಿವೀಲಿ ಕೇಳೋ 'ಕೇಂದ್ರ ಸರ್ಕಾರ'ದ 'ಕೇಂದ್ರ' ಕೂಡ ಗ್ರೀಕರ ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂದ ಪದ.

ಹಾಗಂತ 'ಯವನ ಅಂದ್ರೆ ಗ್ರೀಕ, ಉಳಿದಿದ್ದೆಲ್ಲ ತಪ್ಪು' ಅಂತ ವಾದ ಮಾಡೋದನ್ನೂ ನಾನು ಒಪ್ಪಲ್ಲ. ಗ್ರೀಕರು ಕಣ್ಮರೆಯಾದ ಮೇಲೆ ಪದ ಖಾಲಿ ಕೂರಲಿಲ್ಲ. ಪಶ್ಚಿಮದಿಂದ ಬಂದೋರಿಗೆ, ಆಮೇಲೆ ತುರ್ಕರಿಗೆ, ಸುಲ್ತಾನರಿಗೆ ಅಂಟಿಕೊಳ್ತು. ವಿಜಯನಗರದ ಕಾಲಕ್ಕೆ ಆ ಅರ್ಥವೇ ಗಟ್ಟಿಯಾಗಿತ್ತು. ಆದರೆ ಆಗಲೂ ಅದು ಬರೀ ಬೈಗುಳ ಅಲ್ಲ. ಕೃಷ್ಣದೇವರಾಯನ ಒಂದು ಬಿರುದು 'ಯವನರಾಜ್ಯಸ್ಥಾಪನಾಚಾರ್ಯ'. ಅಂದ್ರೆ ಬಹಮನಿ ಸುಲ್ತಾನನನ್ನ ಮತ್ತೆ ಸಿಂಹಾಸನದ ಮೇಲೆ ಕೂರಿಸಿದ್ದನ್ನ ಹೆಮ್ಮೆಯಿಂದ ಹೇಳ್ಕೊಂಡಿದ್ದ.

ನನ್ನ ತಕರಾರು ಇರೋದು ಇವತ್ತು ಬರೆಯೋರ ಮೇಲೆ. ಐತಿಹಾಸಿಕ ಕಾದಂಬರಿ, ಧಾರಾವಾಹಿ, ವಾಟ್ಸಾಪ್ ಇತಿಹಾಸ, ಎಲ್ಲದರಲ್ಲೂ ಈ ಪದ ಎರಡು ಸಾವಿರ ವರ್ಷ ಒಂದೇ ಜನರನ್ನ ಸೂಚಿಸಿದೆ ಅನ್ನೋ ಹಾಗೆ ಬರುತ್ತೆ. ಮಹಾಭಾರತದಲ್ಲಿ ಕೌರವರ ಕಡೆ ಕಾದಾಡೋ ಯವನರನ್ನ ಓದಿ 'ನೋಡಿ, ಆಗಲೇ ಇದ್ರು' ಅನ್ನೋರನ್ನ ಕಂಡಿದ್ದೀನಿ. ನಮ್ಮ ಭಾಷೇಲಿ ಹೇಳೋದಾದ್ರೆ ವೇರಿಯಬಲ್ ಹೆಸರು ಒಂದೇ, ಸ್ಕೋಪ್ ಬೇರೆ. ಅದನ್ನ ನೋಡದೆ ಕೋಡ್ ಕಾಪಿ ಮಾಡಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಬರೆಯೋರು ಮಾಡಬೇಕಾದ್ದು ಇಷ್ಟೇ: ಗ್ರೀಕ ಅಂದ್ರೆ ಗ್ರೀಕ ಅನ್ನಿ, ಬಹಮನಿ ಸೈನ್ಯ ಅಂದ್ರೆ ಬಹಮನಿ ಸೈನ್ಯ ಅನ್ನಿ. ಪಾತ್ರದ ಬಾಯಲ್ಲಿ 'ಯವನ' ಬರಲೇಬೇಕಾ, ಆ ಪಾತ್ರ ಯಾವ ಶತಮಾನದ್ದು ಅಂತ ಒಮ್ಮೆ ನೋಡಿ.

ಬೆಂಗಳೂರಿನ ಮಾಗಡಿ ರಸ್ತೇಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಯುನಾನ್ ಅಂದ್ರೆ ಅರಬ್ಬೀಲಿ ಗ್ರೀಸ್, ಯವನದ ಒಡಹುಟ್ಟು ಪದ. ಗ್ರೀಕರ ವೈದ್ಯವನ್ನ ಮುಸ್ಲಿಂ ಹಕೀಮರು ಕಾಪಾಡಿಕೊಂಡು ಬಂದರು, ಹೆಸರನ್ನೂ ಬದಲಾಯಿಸಲಿಲ್ಲ. ಮೊನ್ನೆ ಆ ಬೋರ್ಡ್ ನೋಡಿದಾಗ ಗೆಳೆಯನಿಗೆ ಫೋನ್ ಮಾಡಿ ಈ ಕಥೆಯೆಲ್ಲ ಹೇಳಿದೆ. "ಲೋ, ಗರುಡಗಂಬದ ವಿಷಯ ಆಗಲೇ ಗೊತ್ತಿದ್ದಿದ್ರೆ ನಾನೂ ಜಗಳ ಆಡ್ತಿದ್ನಲ್ಲೋ" ಅಂದ.

ಫೋನ್ ಇಟ್ಟ ಮೇಲೆ ನೋಡಿದೆ. ಅವನ ನಂಬರು ಅಷ್ಟು ವರ್ಷದಿಂದ ಸೇವ್ ಆಗಿದ್ದಿದ್ದು ಅದೇ ಅಡ್ಡಹೆಸರಲ್ಲಿ. ಅಳಿಸಿ, ಅವನಪ್ಪ ಅವನಿಗೆ ಇಟ್ಟ ಹೆಸರು ಹಾಕಿದೆ.