ಸಕಾಲ ಎಣಿಸದ ಅಲೆದಾಟ

ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಸಂಖ್ಯೆ ಸಿಗಬೇಕು, ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೊಡಬೇಕು. ಕರ್ನಾಟಕದಲ್ಲಿ 2012ರಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯ ತಿರುಳು ಇದು. ‘ನಾಳೆ ಬನ್ನಿ’ ಎನ್ನುತ್ತಿದ್ದ ಕಚೇರಿಯನ್ನು ದಿನಾಂಕಕ್ಕೆ ಕಟ್ಟಿಹಾಕಿದ್ದು ದೊಡ್ಡ ಕೆಲಸವೇ.

ಆದರೆ ಸಕಾಲ ಅಳೆಯುವುದು ಅರ್ಜಿಯ ಆಯಸ್ಸನ್ನು, ಅರ್ಜಿದಾರರ ಅಗತ್ಯವನ್ನಲ್ಲ. ವಿದ್ಯಾರ್ಥಿವೇತನಕ್ಕಾಗಿ ಜಾತಿ-ಆದಾಯ ಪ್ರಮಾಣಪತ್ರ ಕೇಳಿ ಒಬ್ಬ ಹುಡುಗಿ ನಾಡಕಚೇರಿಗೆ ಬರುತ್ತಾಳೆ ಎನ್ನಿ. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು. ಅರ್ಜಿ ತಿರಸ್ಕೃತ. ಕಾರಣ ಬರೆದು ಅವಧಿಯೊಳಗೆ ತಿರಸ್ಕರಿಸಿದರೂ ಕಾನೂನಿನ ಪ್ರಕಾರ ಅದು ವಿಲೇವಾರಿಯೇ. ಹೆಸರು ತಿದ್ದಿಸಿಕೊಂಡು ಬಂದರೆ ಹೊಸ ಸಂಖ್ಯೆ, ಹೊಸ ಗಡುವು. ಕಚೇರಿಯ ಲೆಕ್ಕದಲ್ಲಿ ಎರಡೂ ಅರ್ಜಿ ಸಕಾಲದಲ್ಲಿ ಮುಗಿದಿವೆ. ಅಷ್ಟರಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನ ದಾಟಿರಬಹುದು.

ಸಾರ್ವಜನಿಕ ಸೇವೆಗಳನ್ನು ಇಡೀ ವ್ಯವಸ್ಥೆಯಾಗಿ ನೋಡಬೇಕೆಂದು ವಾದಿಸುವ ಬ್ರಿಟನ್ನಿನ ಜಾನ್ ಸೆಡನ್, ಜನರಿಗೆ ನಿಜವಾಗಿ ಬೇಕಾದ ಕೆಲಸವನ್ನೂ ಮೊದಲ ಸಲ ಸರಿಯಾಗಿ ಆಗದ್ದರಿಂದ ಹುಟ್ಟಿದ ಕೆಲಸವನ್ನೂ ಬೇರೆಬೇರೆ ಎಣಿಸಿ ಎನ್ನುತ್ತಾರೆ. ಸಕಾಲದಲ್ಲಿ ಎರಡನೆಯದೂ ಸಾಧನೆಯ ಖಾತೆಗೇ ಸೇರುತ್ತದೆ. ನನ್ನ ಮುಖ್ಯ ತಕರಾರು ಇದೇ.

ದಂಡದ್ದೂ ಹಾಗೆಯೇ. ಕಾಯ್ದೆಯಂತೆ ಪರಿಹಾರದ ಹಣ ತಡಮಾಡಿದ ಅಧಿಕಾರಿಯ ಸಂಬಳದಿಂದ ಕಡಿತವಾಗಬೇಕು. ಗ್ರಾಮ ಆಡಳಿತ ಅಧಿಕಾರಿಯ ಮೇಲೆ ಹಲವು ಹಳ್ಳಿಗಳ ಹೊಣೆ, ಮಧ್ಯೆ ಸರ್ವರ್ ಕೈಕೊಡುವುದು, ಒಂದು ಇಲಾಖೆಯ ದಾಖಲೆ ಇನ್ನೊಂದಕ್ಕೆ ಸಿಗದಿರುವುದು: ಇವು ಯಾವುವೂ ಸಂಬಳ ಕಡಿದರೆ ಸರಿಹೋಗುವಂಥವಲ್ಲ. ದಂಡದ ಭಯವಿರುವಾಗ ಅನುಮಾನದ ಅರ್ಜಿಯನ್ನು ವಾಪಸು ಕಳಿಸುವುದೇ ಕ್ಷೇಮ ಎಂದು ಅಧಿಕಾರಿಗೆ ಅನ್ನಿಸಿದರೆ ಆಶ್ಚರ್ಯವೇನು?

ಬೇರೆ ದಾರಿ ಇದೆ, ಅದನ್ನು ನಮ್ಮ ಸರ್ಕಾರವೇ ತೋರಿಸಿದೆ. ಜಮೀನಿನ ಕ್ರಯಪತ್ರ ನೋಂದಣಿಯಾದರೆ ನೋಂದಣಿಯ ತಂತ್ರಾಂಶ ‘ಕಾವೇರಿ’ಯಿಂದ ಮಾಹಿತಿ ನೇರವಾಗಿ ಪಹಣಿ ದಾಖಲೆಯ ತಂತ್ರಾಂಶ ‘ಭೂಮಿ’ಗೆ ಹೋಗುತ್ತದೆ, ಖಾತೆ ಬದಲಾವಣೆಯ ಪ್ರಕ್ರಿಯೆ ಅಲ್ಲಿಂದಲೇ ಶುರು. ಅಲ್ಲಿ ಅರ್ಜಿಯನ್ನು ಬೇಗ ಮುಗಿಸಲಿಲ್ಲ, ಅರ್ಜಿಯ ಅಗತ್ಯವನ್ನೇ ತೆಗೆದರು.

ಸಕಾಲದ ಅಧಿಕಾರಿಗಳು ವರದಿಯಲ್ಲಿ ಇನ್ನೊಂದು ಅಂಕಣ ಸೇರಿಸಲಿ: ತಿರಸ್ಕೃತರಾದವರಲ್ಲಿ ಎಷ್ಟು ಮಂದಿ ಅದೇ ಕೆಲಸಕ್ಕೆ ಮತ್ತೆ ಬಂದರು, ಯಾವ ಕಾರಣಕ್ಕೆ? ಆ ಅಂಕಿಯನ್ನು ತಾಲ್ಲೂಕುವಾರು ಪ್ರಕಟಿಸಲಿ.