ಸ್ಪ್ರಿಂಗಿನ ಮೇಲಿನ ಬಣ್ಣ

ಕಲ್ಮಲದ ಹೊಲದ ದಾರಿಯ ಎರೆಮಣ್ಣು ಮಳೆಗೆ ನೆನೆದರೆ ಜೀಪಿನ ಅಡಿಗೆ ಮೆತ್ತಿಕೊಂಡು ದಿನಗಟ್ಟಲೆ ತೇವ ಹಿಡಿದಿರುತ್ತದೆ. ಆ ತೇವಕ್ಕೆ ತುಕ್ಕು ಹಿಡಿಯುವ ಜೀಪಿನ ಪಟ್ಟಿ ಸ್ಪ್ರಿಂಗಿಗೆ ಬಣ್ಣ ಬಳಿಯುವವನ ಕೈಚಳಕ ಯಾರ ಕಣ್ಣಿಗೂ ಬೀಳದು. ಮೊದಲು ತಂತಿ ಬ್ರಷ್ಷು. ತುಕ್ಕು ಉದುರಿ ಬೂದು ಉಕ್ಕು ಕಾಣುವತನಕ ಉಜ್ಜಬೇಕು. ಆಮೇಲೆ ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಕಪ್ಪು ಎನಾಮೆಲ್, ಎರಡೂ ತೆಳ್ಳಗೆ. ದಪ್ಪಗೆ ಬಳಿದರೆ ಸ್ಪ್ರಿಂಗ್ ಬಳುಕಿದಾಗ ಬಿರಿಯುತ್ತದೆ. ಪಟ್ಟಿಗಳ ನಡುವೆ ಮಾತ್ರ ಗ್ರಾಫೈಟ್ ಗ್ರೀಸು, ಬೆರಳಲ್ಲೇ ಸವರಿದ್ದು. ಉಜ್ಜಾಡುವ ಜಾಗಕ್ಕೆ ಬಣ್ಣ ನಿಲ್ಲದೆಂದು ಬಿಟ್ಟ ಆ ಜಾಣತನವೇ ನನಗೆ ಹೆಚ್ಚು ಇಷ್ಟ. ಸುರುಳಿ ಸ್ಪ್ರಿಂಗಿಗಾದರೆ ಪೌಡರ್ ಕೋಟಿಂಗೇ ಚೆಂದ. ಸುಮಾರು 180–200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಪುಡಿ ಕರಗಿ ಗಟ್ಟಿ ಕವಚವಾಗುತ್ತದೆ. ಥಳಥಳಿಸುವ ಕ್ರೋಮ್ ಬೇಕೆನ್ನುವ ಹುಡುಗರೇ, ಬೇಡ. ಲೇಪನದ ತೊಟ್ಟಿಯ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಇಳಿದರೆ ಸ್ಪ್ರಿಂಗ್ ಪೆಡಸಾಗಿ, ದೊಡ್ಡ ಹೊಂಡದಲ್ಲಿ ಲಟಕ್ಕನೆ ಮುರಿಯಬಹುದು.