ಜಗಲಿ ಇಲ್ಲದ ಕಾಡುಮನೆ

ದೀಪಾವಳಿ ರಜೆ ಹತ್ತಿರ ಬಂದರೆ ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಫೋನು ಬರತೊಡಗುತ್ತದೆ. "ಕಾಡಿನಲ್ಲಿ ಎರಡು ರಾತ್ರಿ ಉಳಿಯಬೇಕು, ಒಳ್ಳೆಯ ಜಾಗ ಹೇಳಿ ಮಾರಾಯ್ರೆ." ಹಾಗಾಗಿ ಈ ವಾರ ದಾಂಡೇಲಿ ಸುತ್ತಿನ ತಂಗುಮನೆಗಳ ಬಗ್ಗೆ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಬರೆಯಲು ಕೂತಾಗ ಕರ್ಜತ್ ಕಡೆಯ ಒಂದು 'ಜಂಗಲ್ ಸ್ಟೇ'ಯ ಜಾಹೀರಾತು ಮೊಬೈಲಿನಲ್ಲಿ ಮೂಡಿತು. ಸಿಮೆಂಟಿಗೆ ಬಣ್ಣ ಬಳಿದು ಮಾಡಿದ ಮರದ ದಿಮ್ಮಿ, ಈಜುಕೊಳ, ರೇನ್ ಡ್ಯಾನ್ಸ್, ಶನಿವಾರ ರಾತ್ರಿ ಡಿಜೆ. ಫೋಟೋದಲ್ಲಿ ಎಲ್ಲವೂ ಇತ್ತು, ಕೂರಲು ಒಂದು ಜಗಲಿ ಇರಲಿಲ್ಲ. ದಾಂಡೇಲಿ ಅಲ್ಲಿಗೇ ನಿಂತಿತು.

ನನ್ನ ಜಗಲಿ ಹುಚ್ಚು ಹಳೆಯ ಓದುಗರಿಗೆ ಗೊತ್ತು. ಕಾಡಿನ ಮನೆಯಲ್ಲಿ ಕೋಣೆ ಇರುವುದು ನಿದ್ದೆಗೆ ಮಾತ್ರ. ಮಳೆ ನೋಡುವುದು, ಚಹಾ ಕುಡಿಯುವುದು, ಸುಮ್ಮನಿರುವುದು ಎಲ್ಲ ಜಗಲಿಯಲ್ಲೇ. ಅರಣ್ಯ ಇಲಾಖೆಯ ಹಳೆಯ ಐ.ಬಿ., ಅಂದರೆ ಇನ್‌ಸ್ಪೆಕ್ಷನ್ ಬಂಗಲೆ, ಕಟ್ಟಿಸಿದವರಿಗೆ ಇದು ತಿಳಿದಿತ್ತು. ಎತ್ತರದ ಪಾಯ, ಹೆಂಚಿನ ಮಾಡು, ಮುಂದೆ ಅಗಲವಾದ ಜಗಲಿ, ಹೊಗೆ ಒಳಗೆ ಬಾರದಂತೆ ಹಿತ್ತಿಲಲ್ಲಿ ಬೇರೆಯೇ ಅಡುಗೆಮನೆ. ಜೊತೆಗೆ ಬಂಗಲೆ ನೋಡಿಕೊಳ್ಳುವ ಒಬ್ಬ ಮೇಟಿ. ರಾತ್ರಿ ಊಟ ಬೇಕಾದರೆ ಮಧ್ಯಾಹ್ನವೇ ಅವನಿಗೆ ಹೇಳಬೇಕು, ಮೊಟ್ಟೆ ತರಲು ಅವನು ಊರಿಗೆ ನಡೆದುಹೋಗಬೇಕಲ್ಲ! ಅನ್ನ, ಸಾರು, ಆಮ್ಲೆಟ್ಟು. ಅದರ ಮುಂದೆ ಇಪ್ಪತ್ತು ಬಗೆಯ ಬಫೆ ನನಗೆ ರುಚಿಸುವುದಿಲ್ಲ.

ಹೋಮ್‌ಸ್ಟೇ ಪಂಥದವರು ಇದಕ್ಕೆ ಒಪ್ಪುವುದಿಲ್ಲ. "ಐ.ಬಿ.ಯಲ್ಲಿ ಸರಕಾರ ಇರುತ್ತದೆ, ನಮ್ಮಲ್ಲಿ ಮನೆಯವರು ಇರುತ್ತಾರೆ" ಎಂಬುದು ಅವರ ವಾದ. ಮನೆಯವರು ನಿಜವಾಗಿ ಇದ್ದರೆ ನಾನೇ ಸೋಲೊಪ್ಪುತ್ತೇನೆ. ಆದರೆ ಎಷ್ಟೋ ಕಡೆ ಯಜಮಾನ ಇರುವುದು ಅಂಧೇರಿಯಲ್ಲಿ; ಕಾಡಿನಲ್ಲಿ ಬಾಗಿಲು ತೆರೆಯುವವನು ಸಂಬಳದ ಹುಡುಗ. ಕಾಡಿನ ಮನೆಯಲ್ಲಿ ಅತಿಥಿಯಾಗುವುದು ಎಂದರೇನೆಂದು ತಿಳಿಯಬೇಕಾದವರು 1943ರಲ್ಲಿ ಬಂದ ಶಿವರಾಮ ಕಾರಂತರ ಕಾದಂಬರಿ 'ಬೆಟ್ಟದ ಜೀವ' ಓದಬೇಕು. ಸುಬ್ರಹ್ಮಣ್ಯದ ಕಡೆ ದಾರಿ ತಪ್ಪಿದ ನಿರೂಪಕನನ್ನು ದೇರಣ್ಣ, ಬಟ್ಯ ಇಬ್ಬರೂ ಕೆಳಬೈಲಿಗೆ ಕರೆದೊಯ್ಯುತ್ತಾರೆ. ಅಲ್ಲಿ ಗೋಪಾಲಯ್ಯ ಮತ್ತು ಶಂಕರಮ್ಮ. ಹೊರಡುತ್ತೇನೆಂದವನನ್ನು ಇನ್ನೊಂದು ದಿನ ಇರಿ ಎಂದು ಹಿಡಿದು ನಿಲ್ಲಿಸುವ ಮುದುಕ ಬೆಟ್ಟ, ತೋಟ ಎಲ್ಲ ಸುತ್ತಿಸಿ ಮಾತಾಡಿಯೇ ಆಡುತ್ತಾನೆ. ಆ ಉಪಚಾರದ ಹಿಂದಿರುವುದು ಮನೆ ಬಿಟ್ಟು ಹೋದ ಮಗ ಶಂಭು. ಬಂದವನಲ್ಲಿ ಅವರು ಅವನನ್ನೇ ಹುಡುಕುತ್ತಿದ್ದಾರೆ ಎಂಬುದು ನಮಗೆ ಮೆಲ್ಲಗೆ ಗೊತ್ತಾಗುತ್ತದೆ. ಇಂಥ ಆದರಕ್ಕೆ ದರಪಟ್ಟಿ ಬರೆಯುವವರು ಯಾರು? ಮಕ್ಕಳನ್ನು ಮುಂಬಯಿಗೆ ಕಳಿಸಿ ಕೂತ ಎಷ್ಟು ಮನೆಗಳು ನಮ್ಮ ಜಿಲ್ಲೆಗಳಲ್ಲಿಲ್ಲ! ಕಾದಂಬರಿ ಓದುವಾಗ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಜನಕ್ಕೆ ಗಂಟಲು ಕಟ್ಟುವುದು ಸುಮ್ಮನೆ ಅಲ್ಲ.

ಮುಂಬಯಿಯ ಹತ್ತಿರದಲ್ಲೇ ಬೇಕೆನ್ನುವವರಿಗೆ ಮಾಥೇರಾನ್ ಇದೆ. 1907ರಲ್ಲಿ ಬಂದ ನೇರಳ್ ರೈಲು, ಊರೊಳಗೆ ಬಾರದೆ ದಸ್ತೂರಿಯಲ್ಲೇ ನಿಲ್ಲುವ ಮೋಟಾರು, ಕೆಂಪು ಮಣ್ಣಿನ ದಾರಿ. ಹಳೆಯ ಬಂಗಲೆ ಸಿಕ್ಕಿದರೆ ಜಗಲಿಗೂ ಕೊರತೆಯಿಲ್ಲ. ವಾರದ ನಡುವೆ ಹೋಗಿ.

ಆದರೆ ನನ್ನನ್ನು ಕೇಳಿದರೆ, ಮುಂಬಯಿಯ ಅತ್ಯುತ್ತಮ ಕಾಡುಮನೆ ಬೊರಿವಲಿಯಲ್ಲೇ ಇದೆ. ಈಗ ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ ಅಷ್ಟೆ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗಿನ ಕನ್ಹೇರಿಯ ಮಾತು ಹೇಳುತ್ತಿದ್ದೇನೆ. ಭಿಕ್ಷುಗಳು ಮಳೆಗಾಲದಲ್ಲಿ ಅಲೆಯದೆ ಒಂದೆಡೆ ನಿಲ್ಲಬೇಕೆಂಬುದು ಬೌದ್ಧರ ನಿಯಮ. ಅಂಥವರಿಗಾಗಿ ಕಪ್ಪುಕಲ್ಲಿನಲ್ಲಿ ಕೊರೆದ ನೂರಕ್ಕೂ ಹೆಚ್ಚು ಗವಿಗಳು ಇಲ್ಲಿವೆ. ಜನ ಮೂರನೆಯ ಗವಿಯ ಚೈತ್ಯದಲ್ಲಿ ಸೆಲ್ಫಿ ತೆಗೆದು ಮರಳುತ್ತಾರೆ. ನೀವು ಮೆಟ್ಟಿಲು ಹತ್ತಿ ಮೇಲಿನ ಚಿಕ್ಕ ಗವಿಗಳಿಗೆ ಹೋಗಿ. ಮುಂದೆ ಜಗಲಿ, ಅದರ ಪಕ್ಕಕ್ಕೆ ಕಲ್ಲಿನಲ್ಲೇ ಕಡೆದ ಆಸನ, ಒಳಗೆ ಮಲಗುವ ಕಟ್ಟೆ, ಹೊರಗೆ ಕೈಗೆಟಕುವಷ್ಟು ಹತ್ತಿರ ಮಳೆನೀರಿನ ತೊಟ್ಟಿ. ಬಂಡೆಯ ಮೇಲೆ ಬಿದ್ದ ನೀರು ತೊಟ್ಟಿಗೆ ಇಳಿಯಲೆಂದು ಕಾಲುವೆ ಕೂಡ ಕೊರೆದಿದ್ದಾರೆ. ಹನ್ನೊಂದನೆಯ ಗವಿಯಲ್ಲಿ ಸಾಲಾಗಿ ಕೂರಲು ಎರಡು ಉದ್ದನೆಯ ಕಲ್ಲುಕಟ್ಟೆಗಳಿವೆ. ನಮ್ಮೂರಿನ ಪಂಕ್ತಿಭೋಜನದ ನೆನಪಾಗದೆ ಇರದು.

ಅಲ್ಲೊಂದು ನಮ್ಮ ನಂಟೂ ಇದೆ. ಒಂಬತ್ತನೆಯ ಶತಮಾನದಲ್ಲಿ ಕೊಂಕಣವನ್ನಾಳಿದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತರು. ಶಿಲಾಹಾರ ಪುಲ್ಲಶಕ್ತಿ, ಕಪರ್ದಿಯರ ಕಾಲದ ಕನ್ಹೇರಿ ಶಾಸನಗಳಲ್ಲಿ ಚಕ್ರವರ್ತಿಯೆಂದು ಹೆಸರಿಸಿರುವುದು ಅಮೋಘವರ್ಷನನ್ನು, ಕವಿರಾಜಮಾರ್ಗದ ನಮ್ಮ ನೃಪತುಂಗನನ್ನು. ಒಂದರ ಕಾಲ ಶಕ 799, ಅಂದರೆ ಕ್ರಿ.ಶ. 877. ಇನ್ನೊಂದರ ಪ್ರಕಾರ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರನೆಂಬ ಭಕ್ತ ಧ್ಯಾನಕ್ಕೆ ತಕ್ಕ ಕೋಣೆಗಳನ್ನು ಮಾಡಿಸಿ ದ್ರಮ್ಮ ನಾಣ್ಯಗಳ ದತ್ತಿ ಇಟ್ಟ. ಮತ್ತೊಂದು ದತ್ತಿಯಲ್ಲಿ ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ವಿಹಾರದ ದುರಸ್ತಿಗೆ ಬೇರೆ ಬೇರೆ ಹಣ. ದುರಸ್ತಿಗೆಂದೇ ಹಣ ತೆಗೆದಿಟ್ಟವರನ್ನು ನೋಡಿ! ನಮ್ಮ ಸಿಮೆಂಟಿನ ದಿಮ್ಮಿಗಳು ಎರಡನೆಯ ಮಳೆಗಾಲಕ್ಕೇ ಕಬ್ಬಿಣದ ಸರಳು ತೋರಿಸುತ್ತವೆ.

ಬೊರಿವಲಿ ಪೂರ್ವದ ಗೇಟಿನಿಂದ ಸುಮಾರು ಆರು ಕಿಲೋಮೀಟರು. ಬೆಳಿಗ್ಗೆ ಬೇಗ ಹೊರಡಿ, ಗದ್ದಲ ಶುರುವಾಗುವ ಮೊದಲು ಮೇಲಿನ ಜಗಲಿಯೊಂದನ್ನು ಹಿಡಿದು ಕೂರಿ. ತಿಂಡಿಯ ಪೊಟ್ಟಣ ಹೊರಗೆ ಕಾಣಿಸಬೇಡಿ, ಕೋತಿಗಳು ಬಿಡುವುದಿಲ್ಲ. ಸೋಮವಾರ ಮಾತ್ರ ಹೋಗಬೇಡಿ, ಅಂದು ಕನ್ಹೇರಿಗೆ ರಜೆ.